ಮಾಳಿಗೆ ಮೇಡಂ

ಮೇಡಂ ತೀರಿಕೊಂಡ ಮೇಲೆ ಹುಮನಾಬಾದಿನಲ್ಲಿ ಅವರ ಮನೆಯವರನ್ನು ಮಾತಾಡಿಸಿ ಬರಲು ಹೋದಾಗ, ಅಂಗಳದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದವರದು ಒಂದೇ ಮಾತು. ಎಂಥ ಸಮಾಧಾನದ ಹೆಣ್ಣುಮಗಳು, ಒಬ್ಬರಿಗೂ ಎದುರಾಡಿದವರಲ್ಲ, ಜೋರು ದನಿ ಕೇಳಿದವರೇ ಇಲ್ಲ. ನಾನು ಚಹಾದ ಕಪ್ಪು ಹಿಡಿದುಕೊಂಡು ತಲೆಯಾಡಿಸುತ್ತಾ ಕೂತೆ. ಸತ್ತವರ ಮನೆಯಲ್ಲಿ ತಕರಾರು ತೆಗೆಯುವುದು ಸರಿಯಲ್ಲ. ಆದರೆ ಅವರು ಹೇಳುತ್ತಿದ್ದ ಆ ಹೆಣ್ಣುಮಗಳನ್ನು ನಾನಂತೂ ಕಂಡಿಲ್ಲ. ನನಗೆ ಗೊತ್ತಿದ್ದ ಮೇಡಂ ಪಕ್ಕಾ ಜಗಳಗಂಟಿ. ನನ್ನ ಜೊತೆ ಆಡಿದ ಜಗಳಕ್ಕೆ ಲೆಕ್ಕವಿಲ್ಲ, ಕೊನೆಗೆ ತಮ್ಮ ಜೊತೆಗೇ ಒಂದು ದೊಡ್ಡ ಜಗಳ ತೆಗೆದರು. ಬಸವಕಲ್ಯಾಣದ ಬಸ್ಸು ಹತ್ತಿ ವಾಪಸ್ ಬರುವಾಗ ದಾರಿಯುದ್ದಕ್ಕೂ ನನಗೆ ಕಿರಿಕಿರಿ. ಹೀಗೆ ಎಲ್ಲರೂ ಸೇರಿ ಹೊಗಳಿ ಅವರನ್ನು ಸಪ್ಪೆ ಮಾಡಿಬಿಡುತ್ತಾರಲ್ಲ ಎಂದು ಇದನ್ನು ಬರೆಯಲು ಕೂತಿದ್ದೇನೆ.

ಅವರ ಕೆಲಸ ಇಷ್ಟು. ಎಲ್ಲಾದರೂ ರಸ್ತೆ, ಕಾಲುವೆ, ಕಟ್ಟಡ ಬರುವುದಿದ್ದರೆ ಮೊದಲು ಆ ನೆಲ ನೋಡಬೇಕು. ಹಳೆಯ ಕಾಲದ ಗೋಡೆ, ಕಲ್ಲು, ಮಡಕೆ, ಊರಿನ ಗುರುತು ಏನಾದರೂ ಇದ್ದರೆ ವರದಿ ಬರೆಯಬೇಕು. ಅವರು ಯಾವ ಇಲಾಖೆಯ ನೌಕರರೂ ಅಲ್ಲ. ಇಲಾಖೆಯವರು ಕರೆದಾಗ ಹೋಗುತ್ತಿದ್ದರು. ಕೋಟೆ ಇರುವ ಕಲ್ಯಾಣ, ಗುಡಿ ಇರುವ ನಾರಾಯಣಪುರ, ಅವುಗಳ ನಡುವೆ ಹೆಸರೇ ಇಲ್ಲದ ಎಷ್ಟೋ ಕಲ್ಲುಗಳು. ನಮ್ಮ ಸೀಮೆಯಲ್ಲಿ ಗುದ್ದಲಿ ಹಾಕಿದಲ್ಲೆಲ್ಲ ಏನಾದರೊಂದು ಏಳುತ್ತದೆ. ಹಾಗಾಗಿ ಅವರಿಗೆ ಕೆಲಸದ ಬರ ಇರಲಿಲ್ಲ. ನಾನು ಆಗ ಹೆದ್ದಾರಿಯಿಂದ ಒಳಗಿರುವ ಒಂದು ಊರಿನಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಊರ ಪಕ್ಕದಲ್ಲಿ ಹಳೆಯ ಶಿವನ ಗುಡಿಯೊಂದಿದೆ, ಸರಕಾರದ ಸಂರಕ್ಷಣೆಯಲ್ಲಿರುವ ಗುಡಿ. ಅದರ ಸುತ್ತಮುತ್ತ ಅಡಿಪಾಯ ತೋಡಬೇಕಾದರೆ ಪರವಾನಗಿ ಬೇಕು, ಪರವಾನಗಿಗೆ ಮೇಡಂ ವರದಿ ಬೇಕು.

ಮೊದಲ ಸಲ ಬಂದದ್ದು ಬಸ್ಸಿನಲ್ಲಿ. ತೊಗರಿ ಕೊಯ್ಲಿಗೆ ಹೋಗುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಾರಲ್ಲ, ಹಾಗೆಯೇ ತೊಟ್ಟಿದ್ದರು. ಕಾಲಲ್ಲಿ ಕ್ಯಾನ್ವಾಸ್ ಬೂಟು. ನಾನು ಪೊಲೀಸ್ ಪಾಟೀಲರನ್ನು, ಸದಸ್ಯರನ್ನು ಕರೆಸಿ, ಊರಿನ ನಕಾಶೆ ಬಿಡಿಸಿ, ಬಿಸ್ಕತ್ತು ತರಿಸಿ ಕೂತಿದ್ದೆ. ಅವರು ನಕಾಶೆಯ ಕಡೆ ನೋಡಲೂ ಇಲ್ಲ.

"ಸಾಹೇಬ್ರ, ಊರಾಗ ನಿಚ್ಚಣಕಿ ಯಾರ ಮನ್ಯಾಗ ಅದರಿ?"

"ನಿಚ್ಚಣಕಿ ಯಾಕ್ರಿ ಮೇಡಂ? ನೆಲಾ ನೋಡಾಕ ಬಂದೀರಲ್ಲ?"

"ನೆಲಾ ಎಲ್ಲಿ ಓಡಿ ಹೋಗ್ತದ? ಮೊದಲ ಮಾಳಗಿ ನೋಡ್ತೀನಿ."

ಇದರ ಹಿಂದಿನ ವಿಚಾರ ನನಗೆ ಆಮೇಲೆ ತಿಳಿಯಿತು. ನಮ್ಮ ಕಡೆಯ ಹಳೆಯ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ತೊಲೆ, ಜಂತಿ, ಅದರ ಮೇಲೆ ತೊಗರಿ ಕಟ್ಟಿಗೆ, ಅದರ ಮೇಲೆ ಮಣ್ಣು. ಈ ಮಣ್ಣು ಹೊಲದ ಕರಿ ಮಣ್ಣಾದರೆ ನಡೆಯದು, ಬೇಸಿಗೆಗೆ ಬಾಯಿ ಬಿಟ್ಟು ಮಳೆಗೆ ಸೋರುತ್ತದೆ. ಅದಕ್ಕೆ ಹಾಳುಮಣ್ಣೇ ಬೇಕು. ಹಿಂದೆಂದೋ ಜನ ಬಾಳಿ ಬಿಟ್ಟುಹೋದ ಹಾಳೂರಿನ ದಿಬ್ಬದ ಬೂದಿಬಣ್ಣದ ಮಣ್ಣು. ಅಜ್ಜ ಮುತ್ತಜ್ಜಂದಿರ ಕಾಲದಿಂದ ಜನ ಆ ದಿಬ್ಬಗಳನ್ನು ಅಗೆದು ಬಂಡಿಯಲ್ಲಿ ಹೇರಿ ತಂದು ತಲೆಯ ಮೇಲೆ ಹೊದ್ದುಕೊಂಡಿದ್ದಾರೆ. ಮಣ್ಣಿನ ಜೊತೆ ಹಳೇ ಊರಿನ ಮಡಕೆ ಚೂರು, ಬಳೆ ಚೂರು, ಮಣಿ ಎಲ್ಲ ಮೇಲೆ ಬಂದಿವೆ. ಒಂದು ಜೋರು ಮಳೆ ಬಿದ್ದರೆ ತೊಳೆದಿಟ್ಟಂತೆ ಮಾಳಿಗೆಯ ಮೇಲೆ ಕಾಣುತ್ತವೆ. ಮೇಡಂ ಅದನ್ನು ನೋಡಿ, ಮನೆಯ ಹಿರಿಯರನ್ನು "ಈ ಮಣ್ಣ ಎಲ್ಲಿಂದ ತಂದಿದ್ರಿ?" ಎಂದು ಕೇಳಿ, ಅಲ್ಲಿಗೆ ನಡೆದು ಹೋಗುತ್ತಿದ್ದರು. ಕಾಗದದಲ್ಲಿ ಇಲ್ಲದ ಹಾಳೂರುಗಳನ್ನು ಹೀಗೆ ಮಾಳಿಗೆಯಿಂದ ಇಳಿದು ಹುಡುಕಿದವರು ಅವರು. ಈ ಉಪಾಯವನ್ನು ಯಾರೂ ಅವರಿಗೆ ಕಲಿಸಿರಲಿಲ್ಲ. ಇದೇ ಮಾಳಿಗೆಯ ಮನೆಯಲ್ಲಿ ಹುಟ್ಟಿ, ಅದರ ಮೇಲೆ ಸಂಡಿಗೆ ಒಣಹಾಕಿ, ಬೇಸಿಗೆಯಲ್ಲಿ ಮಲಗಿ ಬೆಳೆದವರು.

ಐವತ್ತು ದಾಟಿದ ಹೆಂಗಸು ನಿಚ್ಚಣಿಕೆ ಹತ್ತುವುದನ್ನು ನೋಡಲು ಅರ್ಧ ಊರು ಸೇರಿತ್ತು. ಮೇಲೆ ಹೋಗಿ, ಬೆಳಕಿಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಏನೋ ಚೂರನ್ನು ಎತ್ತಿ ನಾಲಿಗೆಯ ತುದಿಗೆ ಹಚ್ಚಿದರು. ಎಲುಬಾದರೆ ನಾಲಿಗೆಗೆ ಅಂಟುತ್ತದೆ, ಕಲ್ಲಾದರೆ ಅಂಟುವುದಿಲ್ಲ, ಅದಕ್ಕೆ. ಕೆಳಗೆ ನಿಂತ ಮುದುಕಿಯೊಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದು, "ಯವ್ವಾ, ಮಣ್ಣ ತಿನ್ನಾಕತ್ತಾಳಲ್ಲ! ಈ ವಯಸ್ಸಿನ್ಯಾಗ ಏನ್ ಬಯಕಿ ಬಂತೋ!" ಎಂದಳು. ಗೊಳ್ಳೆಂದು ನಗೆ ಎದ್ದಿತು. ಮೇಲಿಂದ ಮೇಡಂ, "ಹುಣಸಿಕಾಯಿ ಇದ್ರ ಅವನ್ನೂ ಕೊಡ್ರಿ, ಒಲ್ಲೆ ಅನ್ನಂಗಿಲ್ಲ" ಎಂದರು. ಅಂದಿನಿಂದ ಊರಿನಲ್ಲಿ ಅವರು ಮಾಳಿಗೆ ಮೇಡಂ.

ಅವರು ನೋಡಬೇಕಾಗಿದ್ದ ಜಾಗದ ವಿಚಾರಕ್ಕೆ ಬರುತ್ತೇನೆ. ಗುಡಿಯ ಹಿಂದೆ, ಬಾಬಾಸಾಹೇಬರ ಹಾದಿ ಹಿಡಿದ ಬೌದ್ಧರ ಕೇರಿಯ ಅಂಚಿಗೆ ಒಂದು ಖಾಲಿ ಜಾಗ. ಕೇರಿಯವರು ಅಲ್ಲೊಂದು ವಾಚನಾಲಯ ಕೇಳಿಕೊಂಡು ವರ್ಷಗಟ್ಟಲೆ ಅಲೆದಿದ್ದರು. ಮುಂದೆ ನಿಂತವಳು ಶಾಂತಾಬಾಯಿ, ಕೂಲಿಗೆ ಹೋಗುವ ಹೆಂಗಸು, ಅಕ್ಷರ ಬಾರದವಳು. ಆಕೆಯ ಮಗಳು ಸುಜಾತಾ ಹುಮನಾಬಾದಿನಲ್ಲಿ ಪಿಯುಸಿ ಮುಗಿಸಿ ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಮನೆ ಎಂದರೆ ಒಂದೇ ಕೋಣೆ. ಅಲ್ಲೇ ಒಲೆ, ಅಲ್ಲೇ ಟಿವಿ, ಅಲ್ಲೇ ಅಣ್ಣನ ಸಂಸಾರ. "ನನ್ ಮಗಳಿಗಿ ಕಾಲ ಚಾಚಿ ಕುಂತ ಓದಾಕ ಜಾಗಾ ಇಲ್ರಿ ಸಾಹೇಬ್ರ. ಕೇರ್ಯಾಗ ಇಂಥ ಹುಡುಗ್ಯಾರು ಭಾಳ ಮಂದಿ ಅದಾರ" ಎಂದು ಆಕೆ ನನ್ನ ಟೇಬಲ್ಲಿಗೆ ಬಂದಾಗಲೆಲ್ಲ ಹೇಳುವಳು. ಕೊನೆಗೆ ಮಂಜೂರಾಯಿತು. ಆದರೆ ಊರಿನ ದೊಡ್ಡ ಓಣಿಯ ಕೆಲವರಿಗೆ ಅದೇ ಜಾಗದಲ್ಲಿ ಅಡಿಪಾಯ ಬೇಡದ ತಗಡಿನ ಅಂಗಡಿ ಸಾಲು ಎಬ್ಬಿಸುವ ಆಸೆ. ವಾಚನಾಲಯ ತಪ್ಪಿದರೆ ಜಾಗ ಯಾರ ಕೈಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಮೇಡಂ ಜಾಗದಲ್ಲಿ ಉದ್ದಕ್ಕೂ ಅಡ್ಡಕ್ಕೂ ನಡೆದರು. ಜಾಲಿ ಪೊದೆಯ ಬುಡದಲ್ಲಿ ಮಡಕೆ ಚೂರು ರಾಶಿ ರಾಶಿ. ಕಪ್ಪು ಚೂರು, ಕೆಂಪು ಚೂರು, ಗಾಜಿನ ಬಳೆ, ಸುಟ್ಟ ಎಲುಬು. ಮಣ್ಣಿನ ಬಣ್ಣವೂ ಅದೇ, ಬೂದಿ. ಅವರು ಅಲ್ಲೇ ಕೂತು ಒಂದೊಂದೇ ಚೂರು ಆರಿಸತೊಡಗಿದಾಗಲೇ ನನಗೆ ವಾಚನಾಲಯದ ಗತಿ ತಿಳಿಯಿತು.

ಸುದ್ದಿ ಹರಡಲು ತಡವಾಗಲಿಲ್ಲ. ಕೇರಿಯ ಹುಡುಗರು ಬಂದು, "ಇದು ಬುದ್ಧನ ಕಾಲದ ಜಾಗಾ ಅಂತ ಬರೀರಿ ಮೇಡಂ, ಅಂದ್ರ ನಮಗ ಉಳೀತದ" ಎಂದರು. ಅವರ ಬೆನ್ನಿಗೇ ದೊಡ್ಡ ಓಣಿಯವರು ಬಂದು, "ಗುಡಿಗಿ ಸೇರಿದ ಜಾಗಾ ಅಂತ ಬರೀರಿ" ಎಂದರು. ಮೇಡಂ ಇಬ್ಬರಿಗೂ ಅಂಗೈಯ ಮೇಲೆ ಅದೇ ಚೂರನ್ನು ಇಟ್ಟು ತೋರಿಸಿದರು. "ಇದು ಅಡಗಿ ಮಾಡೋ ಗಡಗಿರಿ. ಯಾರದೋ ಮನ್ಯಾಗ ಬ್ಯಾಳಿ ಕುದ್ದದ, ಅಷ್ಟ ಗೊತ್ತು. ಗೊತ್ತಿಲ್ಲದ್ದು ನಾ ಬರ್ಯಾಂಗಿಲ್ಲ." ಇಬ್ಬರೂ ಮುಖ ಗಂಟು ಹಾಕಿಕೊಂಡು ಹೋದರು.

ವರದಿ ಬಂತು. ಇಲ್ಲಿ ಹಳೆಯ ಜನವಸತಿಯ ನೆಲೆ ಇದೆ, ಅಡಿಪಾಯ ತೋಡಕೂಡದು. ನಾನು ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಹೇಳಿದೆ. ನಿಮ್ಮ ಚೂರುಪಾರಿಗೆ ಮನುಷ್ಯರಿಗಿಂತ ಬೆಲೆ ಹೆಚ್ಚಾಯಿತೇ ಎಂದೆ. ಅವರೇನು ಕಮ್ಮಿ? "ನಿಮಗ ಬೇರೆ ಜಾಗಾ ಹುಡುಕಿ ಕೊಡೋ ತಾಕತ್ತಿಲ್ಲ, ಅದಕ್ಕ ನನ್ನ ಮ್ಯಾಲ ಹರಿಹಾಯಾಕತ್ತೀರಿ" ಎಂದು ಫೋನಿಟ್ಟರು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಊರಿನಲ್ಲಿ ಬೇರೆ ಜಾಗ ಇದ್ದರೆ ತಾನೇ ಕೊಡುವುದು? ಶಾಂತಾಬಾಯಿ ನನ್ನ ಕಚೇರಿಯ ಕಟ್ಟೆಯ ಮೇಲೆ ಕೂತು ಅಳಲಿಲ್ಲ, ಕೂಗಲಿಲ್ಲ. "ನಮಗ ಜಾಗಾ ಸಿಕ್ಕಾಗ ಮಾತ್ರ ನೆಲದಾಗ ಏನರೆ ಏಳ್ತದ ನೋಡ್ರಿ" ಎಂದು ಹೇಳಿ ಕೂಲಿಗೆ ಹೋದಳು. ನಾನು ಬೀದರಿಗೆ ಅಲೆದಲೆದು ಮಂಜೂರಾತಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿಕೊಂಡು ಬಂದೆ. ಇನ್ನೊಮ್ಮೆ ಈ ಮಾತು ತೆಗೆದುಕೊಂಡು ಬರಬೇಡಿ ಎಂದು ಅಲ್ಲಿ ಕಡ್ಡಿ ಮುರಿದಂತೆ ಹೇಳಿದರು.

ಆ ವರ್ಷವೇ ಸುಜಾತಾ ಪುಸ್ತಕ ಕಟ್ಟಿಟ್ಟು ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಡಬ್ಬಿ ತುಂಬುವ ಕೆಲಸಕ್ಕೆ ಸೇರಿದಳು. ಬೆಳಗಿನ ಬಸ್ಸಿಗೆ ನಿಂತಿರುವುದನ್ನು ನಾನು ಎಷ್ಟೋ ಸಲ ನೋಡಿದೆ. ಮಾತಾಡಿಸಲು ಮುಖವಿರಲಿಲ್ಲ.

ಮೇಡಂ ಊರಿಗೆ ಬರುವುದನ್ನು ನಿಲ್ಲಿಸಲಿಲ್ಲ. ಬೇರೆಯವರಾಗಿದ್ದರೆ ಮುಖ ತಪ್ಪಿಸಿ ತಿರುಗುತ್ತಿದ್ದರು. ಇವರು ಅಕ್ಕಪಕ್ಕದ ಹಳ್ಳಿಗೆ ಹೋಗುವಾಗಲೂ ಇಳಿದು ಆ ಜಾಗದ ಸುತ್ತ ಒಂದು ಸುತ್ತು ಹಾಕಿ ಹೋಗುವರು. ಏನೋ ಕಾಡುತ್ತಿತ್ತು. "ಚೂರು ಭಾಳ ಅವ ಸಾಹೇಬ್ರ, ಆದ್ರ ಎಲ್ಲಾ ಕಲಸ್ಯಾವ. ಹಳೀದು ಹೊಸದು ಒಂದ ಕಡಿ" ಎಂದು ಒಮ್ಮೆ ಅಂದಿದ್ದರು. ನಾನು ಅವರ ಜೊತೆ ಮಾತು ಬಿಟ್ಟಿದ್ದೆ.

ಮಳೆಗಾಲ ಮುಗಿದ ಮೇಲೆ ನಳದ ಪೈಪು ಹಾಕುವವರು ರಸ್ತೆಯ ಬದಿಗೆ, ಜಾಗದ ಅಂಚಿಗೆ ತಾಗಿ ಒಂದು ಕಾಲುವೆ ತೋಡಿದರು. ಮೇಡಂ ಅದರೊಳಗೆ ಇಳಿದು ಮಣ್ಣಿನ ಗೋಡೆಯನ್ನು ಕರಣೆಯಿಂದ ಹೆರೆಯುತ್ತಿದ್ದಾರೆ ಎಂದು ಯಾರೋ ಬಂದು ಹೇಳಿದರು. ಹೋಗಿ ನೋಡಿದೆ. ಮೇಲೆ ಮೊಣಕಾಲೆತ್ತರ ಬೂದಿ ಮಣ್ಣು. ಅದರ ಕೆಳಗೆ ಒಮ್ಮೆಲೇ ಕರಿ ಮಣ್ಣು, ಒಂದೇ ಒಂದು ಚೂರೂ ಇಲ್ಲದ ಶುದ್ಧ ಹೊಲದ ಮಣ್ಣು. ಅವರ ಕೈಯಲ್ಲಿ ಒಂದು ಹೆಂಟೆ ಇತ್ತು. ಅದರ ಒಂದು ಮೈ ಹೊಗೆ ಹಿಡಿದು ಮಿರಿಮಿರಿ ಕಪ್ಪಾಗಿತ್ತು. ಆ ಕಪ್ಪಿನೊಳಗೆ ತೊಗರಿ ಕಟ್ಟಿಗೆಯ ಗೀರುಗಳು ಸಾಲಾಗಿ ಮೂಡಿದ್ದವು.

"ಇದು ಮಾಳಗಿ ಮಣ್ಣ ಸಾಹೇಬ್ರ" ಎಂದರು. "ಯಾರದೋ ಅಡಗಿಮನಿ ಮಾಳಗಿ. ಮನಿ ಕೆಡವಿ ತಂದ ಸುರದಾರ."

ಕಾಲುವೆಯ ದಂಡೆಯ ಮೇಲೆ ಕೂತುಬಿಟ್ಟರು. ಎಷ್ಟೋ ಮಾಳಿಗೆ ಹತ್ತಿದ್ದ ಹೆಂಗಸು, ಮಾಳಿಗೆಯೇ ನೆಲಕ್ಕೆ ಇಳಿದು ಬಂದಾಗ ಗುರುತು ಹಿಡಿಯಲಿಲ್ಲ. ಅವರ ಮುಖ ನೋಡಿ ನನಗೆ ಅಯ್ಯೋ ಅನಿಸಿತು. ಅದರ ಜೊತೆಗೆ, ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಖುಷಿಯೂ ಆಯಿತು.

ಮಣ್ಣು ಎಲ್ಲಿಂದ ಬಂತು ಎಂದು ಅವರೇ ದೊಡ್ಡ ಓಣಿಗೆ ಹೋಗಿ ಪತ್ತೆ ಮಾಡಿದರು. ಕೇರಿಯವರು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗಿದ್ದ ಒಂದು ಸುಗ್ಗಿಯಲ್ಲಿ, ಓಣಿಯ ಹಳೆಯ ಮನೆಗಳನ್ನು ಕೆಡವಿ ಸ್ಲ್ಯಾಬ್ ಹಾಕಿಸಿದ್ದರು. ಮಾಳಿಗೆ ಮಣ್ಣನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತಂದು ಕೇರಿಯ ಪಕ್ಕದ ಜಾಗಕ್ಕೆ ಸುರಿದು ಹರವಿದ್ದರು. ಕೇರಿಯವರು ವಾಪಸ್ ಬರುವಷ್ಟರಲ್ಲಿ ಮಳೆ ಬಿದ್ದು ಹುಲ್ಲು ಜಾಲಿ ಎದ್ದಿತ್ತು. ನಾನಾಗ ಆ ಊರಿಗೆ ಬಂದೇ ಇರಲಿಲ್ಲ. ಸುರಿದವರಿಗೆ ಗೊತ್ತಿತ್ತು. ವರದಿ ತಮಗೆ ಅನುಕೂಲವಾಗಿ ಬಂತಲ್ಲ, ಬಾಯಿ ಮುಚ್ಚಿಕೊಂಡು ಕೂತಿದ್ದರು.

ನಾನು ಮಾತು ಬಿಟ್ಟಿದ್ದನ್ನು ಮರೆತು ಬುದ್ಧಿ ಹೇಳಿದೆ. "ಮೇಡಂ, ತಪ್ಪು ಅಂತೆಲ್ಲ ಬರೀಬ್ಯಾಡ್ರಿ. ಮರುಪರಿಶೀಲನೆ ಮಾಡಲಾಗಿ ಆಕ್ಷೇಪಣೆ ಇಲ್ಲ ಅಂತ ಬರೀರಿ. ಕೆಲಸ ಆಗ್ತದ, ನಿಮ್ಮ ಹೆಸರೂ ಉಳೀತದ." ಸರಕಾರಿ ಭಾಷೆ ಇರುವುದೇ ಇಂಥ ಹೊತ್ತಿಗೆ ಎಂದು ನನ್ನ ನಂಬಿಕೆ, ಈಗಲೂ.

"ಹಂಗ್ ಬರದ್ರ ನಾ ಹೇಳಿದ್ದ ಆಗಲೂ ಖರೆ, ಈಗಲೂ ಖರೆ ಅಂತ ಆಗ್ತದ. ಆ ಹೆಣ್ಣಮಗಳಿಗಿ ನಾ ಏನಂತ ಹೇಳಲಿ?"

ಶಾಂತಾಬಾಯಿಗೆ ಹೇಳುತ್ತೇನೆ ಎಂದು ಹೊರಟೇಬಿಟ್ಟರು. ಬಾಯಿಗೆ ಬಂದಂಗ ಬೈಯ್ತಾರ ಮೇಡಂ ಎಂದೆ. "ಬೈಲಿ. ನೀವು ಬರೋದಿದ್ರ ಬರ್ರಿ, ಇಲ್ಲಾಂದ್ರ ಬಿಡ್ರಿ" ಎಂದು ಸರಸರ ನಡೆದರು. ಕೇರಿಯಲ್ಲಿ ಶಾಂತಾಬಾಯಿಯ ಮನೆಯ ಮುಂದೆ ನಿಂತು, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ, ನಡೆದದ್ದನ್ನು ಹೇಳಿದರು. ನಾನು ತಪ್ಪು ನೋಡಿದೆ, ನಿಮ್ಮ ಕೆಲಸ ನನ್ನಿಂದ ನಿಂತಿತು ಎಂದರು. ಅಕ್ಕಪಕ್ಕದ ಹೆಂಗಸರು ಸೇರಿ ಬೈದರು, ಚೆನ್ನಾಗಿಯೇ ಬೈದರು. ಶಾಂತಾಬಾಯಿ ಮಾತ್ರ ಬೈಯಲಿಲ್ಲ. "ನನ್ ಮಗಳು ಈಗ ಕಾರ್ಖಾನ್ಯಾಗ ಡಬ್ಬಿ ತುಂಬಾಕತ್ತಾಳ. ಆ ವರ್ಷ ಯಾರ ಬರದ ಕೊಡ್ತಾರ ಬಾಯೋರ?" ಎಂದಳು. ಮೇಡಂ ತಲೆ ತಗ್ಗಿಸಲಿಲ್ಲ, ಕಣ್ಣೂ ತಪ್ಪಿಸಲಿಲ್ಲ. "ಯಾರೂ ಕೊಡಂಗಿಲ್ರಿ" ಎಂದರು.

ಇಷ್ಟಕ್ಕೇ ಮುಗಿಯಲಿಲ್ಲ. ಒಮ್ಮೆ ಹಳೆಯ ನೆಲೆ ಎಂದು ದಾಖಲಾದದ್ದನ್ನು ಬರೆದವರ ಮಾತಿನ ಮೇಲೆಯೇ ತೆಗೆಯಲಾಗದಂತೆ. ಬೇರೊಬ್ಬರು ನೋಡಬೇಕು. ಬಂದ ಅಧಿಕಾರಿ ಮೇಡಂ ಕೈಕೆಳಗೆ ಕೆಲಸ ಕಲಿತವರು. ಜೀಪಿನಿಂದ ಇಳಿದವರೇ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಆಗಲೇ ನನಗೆ ಗಾಬರಿಯಾಯಿತು. ಮಣ್ಣನ್ನೆಲ್ಲ ನೋಡಿ, "ಮೇಡಂ, ನಿಮ್ಮ ಮೊದಲಿನ ವರದಿನೇ ಬರೋಬರಿ ಅದ ಅನಸ್ತದ್ರಿ. ನೀವು ತಪ್ಪೋದು ಅಂದ್ರ ಹ್ಯಾಂಗ? ಜನರ ಒತ್ತಡಕ್ಕ ಹಿಂಗ ಬರದೀರಿ" ಎಂದರು. ಅಷ್ಟು ಗೌರವ. ಆ ಗೌರವದಲ್ಲಿ ನಮ್ಮ ವಾಚನಾಲಯ ಮುಳುಗುವುದರಲ್ಲಿತ್ತು. ಮಂಜೂರಾತಿಯ ಅವಧಿ ತೀರುತ್ತಾ ಬಂದಿತ್ತು, ಶಾಂತಾಬಾಯಿ ಅಲ್ಲೇ ನಿಂತು ಕೇಳುತ್ತಿದ್ದಳು.

ಮೇಡಂಗೆ ಬಂದ ಸಿಟ್ಟನ್ನು ನೋಡಬೇಕಿತ್ತು. "ನನ್ನ ಮಾರಿ ನೋಡಬ್ಯಾಡ, ಮಣ್ಣ ನೋಡು!" ಎಂದು ಗದರಿದ ದನಿ ಗುಡಿಯ ತನಕ ಕೇಳಿತು. ಆ ಅಧಿಕಾರಿಯನ್ನು ಕೈಹಿಡಿದು ಕಾಲುವೆಗೆ ಇಳಿಸಿದರು. ಆಮೇಲೆ ದೊಡ್ಡ ಓಣಿಯಲ್ಲಿ ಉಳಿದಿದ್ದ ಒಂದು ಅರೆಬಿದ್ದ ಮನೆಗೆ ಕರೆದೊಯ್ದು, ಒಲೆಯ ಮೇಲಿನ ಜಂತಿಯ ಸಂದಿಯಿಂದ ಹೆಂಟೆ ಕೀಳಿಸಿ ಎರಡನ್ನೂ ಪಕ್ಕಪಕ್ಕ ಇಡಿಸಿದರು. ತಮ್ಮ ವರದಿಯ ಒಂದೊಂದು ಸಾಲನ್ನೂ ತಾವೇ ಓದಿ, ಇದು ಯಾಕೆ ತಪ್ಪು, ಇದು ಯಾಕೆ ತಪ್ಪು ಎಂದು ವಕೀಲರ ಹಾಗೆ ತಮ್ಮ ವಿರುದ್ಧವೇ ವಾದಿಸಿದರು. ಆ ಅಧಿಕಾರಿಯ ಕಣ್ಣಲ್ಲಿ ನೀರು ಬಂತು. ಒಪ್ಪಿ ಸಹಿ ಹಾಕಿದರು. ಆಮೇಲೆ ಇಲಾಖೆಯವರು ಮೇಡಂ ಅವರನ್ನು ಕರೆಯುವುದು ಕಡಿಮೆಯಾಯಿತು, ನಿಂತೇಹೋಯಿತು. ಬೇಜಾರಾಗಿತ್ತು ಅವರಿಗೆ. ಬಾಯಿಬಿಟ್ಟೇ ಹೇಳಿದ್ದರು.

ಅಡಿಪಾಯ ತೋಡುವ ದಿನ ಶಾಂತಾಬಾಯಿಯೇ ಅವರನ್ನು ಕರೆಸಿದಳು. ಹಾರ ಹಾಕಲು ಕರೆದಿರಬೇಕು ಎಂದು ನಾನು ತಿಳಿದೆ. ಬಾಬಾಸಾಹೇಬರ ಫೋಟೋಕ್ಕೆ ಹೂವು ಏರಿಸಿ, ಮೂಲೆಯಲ್ಲಿ ಮೊದಲ ಗುಂಡಿ ತೋಡಿಯಾಯಿತು. ಕಟ್ಟಡ ಕಟ್ಟುವ ಗೌಂಡಿ ಬಂದು ಕಲ್ಲು ಇಳಿಸಲು ಹೋದಾಗ ಶಾಂತಾಬಾಯಿ ಅವನನ್ನು ತಡೆದು, ಮೇಡಂ ಕಡೆ ತಿರುಗಿದಳು.

"ಇಳದ್ ನೋಡ್ರಿ ಬಾಯೋರ. ಏನರೆ ಇತ್ತಂದ್ರ ಈಗ ಹೇಳ್ರಿ. ಕಟ್ಟಿದ ಮ್ಯಾಲ ಬ್ಯಾಡ."

ಮೇಡಂ ಸೀರೆ ಎತ್ತಿ ಸಿಕ್ಕಿಸಿ ಗುಂಡಿಗೆ ಇಳಿದರು. ಅಂಚನ್ನು ಹೆರೆದರು, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಪುಡಿ ಮಾಡಿ ನೋಡಿದರು. ಅವಸರ ಮಾಡಲಿಲ್ಲ. ಏನಾದರೂ ಸಿಕ್ಕರೆ ಈ ಹೆಂಗಸು ಈಗಲೂ ಹೇಳಿಯೇ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು, ಶಾಂತಾಬಾಯಿಗೂ ಗೊತ್ತಿತ್ತು. ಅದಕ್ಕೇ ಕರೆಸಿದ್ದಳು.

"ಏನೂ ಇಲ್ರಿ ಶಾಂತಾಬಾಯಿ. ಖಾಲಿ ಮಣ್ಣ" ಎಂದರು ಮೇಡಂ, ತಲೆಯೆತ್ತಿ.

ಶಾಂತಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರನ್ನು ಮೇಲೆತ್ತಲು ಕೈ ಚಾಚಿ, "ನನ್ ಮಗಳಿಗಿ ತಡಾ ಆಯ್ತು" ಎಂದಳು.

"ಹೌದ್ರಿ" ಎಂದರು ಮೇಡಂ. ಆ ಕೈ ಹಿಡಿದು ಮೇಲೆ ಬಂದರು.

ಶಾಂತಾಬಾಯಿ ಗೌಂಡಿಗೆ ಹೇಳಿದಳು: "ಕಲ್ಲ ಇಳಸ್ರಿ. ಉಳದ ಹುಡುಗ್ಯಾರಿಗಿ ತಡಾ ಆಗಬಾರದು."